ಲೈಬ್ರರಿ ನಿರ್ವಾಹಕರಿಗೆ ಬಹಿರಂಗ ಪತ್ರ: ವರ್ಷನ್ ಬೀಗದ ಕೈ ನಮ್ಮ ಬಳಿ ಇರಲಿ

ಮಾನ್ಯರೇ,

ಓಪನ್ ಸೋರ್ಸ್ ಲೈಬ್ರರಿಗಳನ್ನು (ಯಾರು ಬೇಕಾದರೂ ತಮ್ಮ ಪ್ರೋಗ್ರಾಂಗೆ ಸೇರಿಸಿಕೊಳ್ಳಬಹುದಾದ ಸಿದ್ಧ ಕೋಡ್) ಬರೆದು, ವರ್ಷಗಟ್ಟಲೆ ನೋಡಿಕೊಂಡು ಬರುತ್ತಿರುವ ನಿಮ್ಮೆಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಎಷ್ಟೋ ಜನ ಈ ಕೆಲಸಕ್ಕೆ ಒಂದು ಪೈಸೆಯನ್ನೂ ಪಡೆಯುವುದಿಲ್ಲ ಎಂದು ಗೊತ್ತಿದೆ. ರಾತ್ರಿ ಕೂತು ಬಗ್ ಸರಿಮಾಡುವವರು ನೀವು, ಬೆಳಗ್ಗೆ ಅದನ್ನು ಇಳಿಸಿಕೊಂಡು ಬಳಸುವವರು ನಾವು. ಹಾಗಾಗಿ ದೂರು ಹೇಳಲು ಸ್ವಲ್ಪ ಸಂಕೋಚವೇ ಆಗುತ್ತದೆ. ಆದರೂ ಒಂದು ವಿಷಯ ಹೇಳಲೇಬೇಕಾಗಿದೆ. ನಿಮ್ಮ ಲೈಬ್ರರಿಯ ಡಿಪೆಂಡೆನ್ಸಿ ಪಟ್ಟಿಯಲ್ಲಿ, ಅಂದರೆ ಅದು ಓಡಲು ಬೇಕಾದ ಬೇರೆ ಲೈಬ್ರರಿಗಳ ಪಟ್ಟಿಯಲ್ಲಿ, ಹೆಸರಿನ ಪಕ್ಕ ==2.4.1 ಎಂದು ಬರೆಯುತ್ತೀರಲ್ಲ, ಅದರ ಬಗ್ಗೆ. ಆ ಒಂದು ವರ್ಷನ್ನೇ ಆಗಬೇಕು, ಬೇರೆ ಯಾವುದೂ ಆಗದು ಎಂದು ಕಟ್ಟಿಹಾಕುವ ಇದಕ್ಕೇ ಪಿನ್ ಮಾಡುವುದು ಎನ್ನುತ್ತಾರೆ.

ನಾನು ಒಂದು ಅಪ್ಲಿಕೇಶನ್ ನೋಡಿಕೊಳ್ಳುವ ತಂಡದಲ್ಲಿದ್ದೇನೆ. ನಾವು ನೇರವಾಗಿ ಬಳಸುವ ಲೈಬ್ರರಿಗಳು ಕೆಲವೇ. ಅವು ತಮ್ಮ ಜೊತೆ ಎಳೆದುಕೊಂಡು ಬರುವವು ಅದಕ್ಕಿಂತ ಎಷ್ಟೋ ಜಾಸ್ತಿ. ಅವೆಲ್ಲ ಒಂದೇ ಜಾಗದಲ್ಲಿ, ಒಂದಕ್ಕೊಂದು ಹೊಂದಿಕೊಂಡು ಬದುಕಬೇಕು. ಹಾಗೆ ಹೊಂದಿಸುವುದೇ ನಮ್ಮ ಕೆಲಸದ ದೊಡ್ಡ ಪಾಲು.

ನಮ್ಮಲ್ಲಿ ನಡೆದದ್ದನ್ನು ಹೇಳುತ್ತೇನೆ. ಆ ಲೈಬ್ರರಿಯ ಹೆಸರು ಬೇಡ, ಅವರನ್ನು ಬಯ್ಯಲು ಈ ಪತ್ರ ಬರೆಯುತ್ತಿಲ್ಲ. ಒಂದು ಪಾರ್ಸರ್‌ನಲ್ಲಿ (ಡೇಟಾ ಓದಿ ಬಿಡಿಸುವ ಲೈಬ್ರರಿ) ಭದ್ರತಾ ದೋಷ ಇದೆ ಎಂದು ಪ್ರಕಟಣೆ ಬಂತು. ಅದನ್ನು ಬರೆದವರು ಪ್ರಕಟಣೆಯ ಜೊತೆಗೇ ಪ್ಯಾಚ್, ಅಂದರೆ ದೋಷ ಸರಿಪಡಿಸಿದ ಸಣ್ಣ ಹೊಸ ವರ್ಷನ್, ರಿಲೀಸ್ ಮಾಡಿದ್ದರು. ವರ್ಷನ್ನಿನ ಕೊನೆಯ ಅಂಕಿ ಒಂದು ಏರಿತ್ತು, ಅಷ್ಟೇ. ನಾವು ಆ ಪಾರ್ಸರ್ ಅನ್ನು ನೇರವಾಗಿ ಬಳಸುತ್ತಿರಲಿಲ್ಲ. ವರದಿ ತಯಾರಿಸುವ ಇನ್ನೊಂದು ಲೈಬ್ರರಿ ಅದನ್ನು ಬಳಸುತ್ತಿತ್ತು. ಆ ಲೈಬ್ರರಿಯ ಮೆಟಾಡೇಟಾದಲ್ಲಿ (ಜೊತೆಗೆ ಬರುವ ವಿವರಪಟ್ಟಿ) ಪಾರ್ಸರ್‌ನ ಹಳೆಯ ವರ್ಷನ್ ಎರಡು ಸಮ ಚಿಹ್ನೆ ಹಾಕಿಸಿಕೊಂಡು ಕೂತಿತ್ತು. ಹೊಸ ಪ್ಯಾಚ್ ಬೇಕು ಎಂದು ಪೈಥಾನ್ ಲೈಬ್ರರಿಗಳನ್ನು ಇಳಿಸಿ ಹಾಕುವ ಟೂಲ್ ಆದ ಪಿಪ್‌ಗೆ ಹೇಳಿದೆವು. ಎರಡೂ ಒಟ್ಟಿಗೆ ಸಾಧ್ಯವಿಲ್ಲ ಎಂದು ಅದು ಕೈಚೆಲ್ಲಿತು. ಪಿಪ್ ಮಾಡಿದ್ದು ಸರಿಯೇ.

ಲೈಬ್ರರಿಯವರಿಗೆ ಬರೆದೆವು. ತಾವು ಟೆಸ್ಟ್ ಮಾಡಿರುವುದು ಆ ವರ್ಷನ್ ಜೊತೆ ಮಾತ್ರ, ಮುಂದಿನ ರಿಲೀಸ್‌ನಲ್ಲಿ ನೋಡೋಣ ಎಂದು ಉತ್ತರ ಬಂತು. ಸೌಜನ್ಯದ ಉತ್ತರವೇ. ಆದರೆ ಮುಂದಿನ ರಿಲೀಸ್ ಯಾವಾಗ ಎಂದು ಅವರಿಗೂ ಗೊತ್ತಿರಲಿಲ್ಲ. ಗೊತ್ತಿರುವ ದೋಷ ಇಟ್ಟುಕೊಂಡು ಕಾಯುವ ಹಾಗಿರಲಿಲ್ಲ. ಕೊನೆಗೆ ಅವರ ಕೋಡ್ ಫೋರ್ಕ್ ಮಾಡಿ (ನಮ್ಮದೇ ಬೇರೆ ಪ್ರತಿ ಮಾಡಿಕೊಂಡು), ಆ ಒಂದು ಸಾಲು ಬದಲಿಸಿ, ನಮ್ಮದೇ ಖಾಸಗಿ ಪ್ಯಾಕೇಜ್ ಕಟ್ಟಿಕೊಂಡೆವು. ಅವರದೇ ಟೆಸ್ಟ್‌ಗಳನ್ನು ಹೊಸ ಪಾರ್ಸರ್ ಜೊತೆ ಓಡಿಸಿದೆವು. ಎಲ್ಲವೂ ಪಾಸ್! ಅವರ ಕೋಡ್‌ನಲ್ಲಿ ಒಂದಕ್ಷರವೂ ಬದಲಾಗಬೇಕಿರಲಿಲ್ಲ. ಈಗ ಆ ಫೋರ್ಕ್ ನಮ್ಮ ತಲೆಯ ಮೇಲೆ ಕೂತಿದೆ. ಮೂಲದಲ್ಲಿ ಹೊಸದೇನು ಬಂದರೂ ನಾವೇ ಅದನ್ನು ಎಳೆದು ತಂದು ಸೇರಿಸಬೇಕು.

ನೀವು ಯಾಕೆ ಪಿನ್ ಮಾಡುತ್ತೀರಿ ಎಂಬುದು ಅರ್ಥವಾಗದ ವಿಷಯವೇನಲ್ಲ. ಯಾರೋ ಒಬ್ಬರು ಸಣ್ಣ ರಿಲೀಸ್ ಎಂದು ಹೇಳಿ ದೊಡ್ಡ ಬದಲಾವಣೆ ಮಾಡಿಬಿಡುತ್ತಾರೆ. ಬೆಳಗ್ಗೆ ಎದ್ದು ನೋಡಿದರೆ ನಿಮ್ಮ ಲೈಬ್ರರಿ ಮುರಿದಿದೆ ಎಂದು ದೂರುಗಳ ಸಾಲೇ ಬಿದ್ದಿರುತ್ತದೆ. ತಪ್ಪು ನಿಮ್ಮದಲ್ಲದಿದ್ದರೂ ಬೈಗುಳ ನಿಮಗೇ. ಒಂದು ಸಲ ಹೀಗಾದ ಮೇಲೆ ಎಲ್ಲ ಡಿಪೆಂಡೆನ್ಸಿಗೂ ಪಿನ್ ಹಾಕಿ ನೆಮ್ಮದಿಯಾಗಿರೋಣ ಅನಿಸುವುದು ಸಹಜ. ಆದರೆ ಇದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಅದೂ ನಿಮ್ಮ ಮೂಗಲ್ಲ, ನಮ್ಮದು.

2016ರ ಮಾರ್ಚ್‌ನಲ್ಲಿ ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರವಾದ ಎನ್‌ಪಿಎಂನಿಂದ ಲೆಫ್ಟ್-ಪ್ಯಾಡ್ ಎಂಬ ಪುಟ್ಟ ಪ್ಯಾಕೇಜ್ ಮಾಯವಾದದ್ದು ಎಲ್ಲರಿಗೂ ನೆನಪಿದೆ. ಹನ್ನೊಂದು ಸಾಲಿನ ಕೋಡ್. ಬರೆದವರು ಅದನ್ನು ತೆಗೆದುಹಾಕಿದರು, ಬೇಬಲ್‌ನಂಥ ದೊಡ್ಡ ದೊಡ್ಡ ಟೂಲ್‌ಗಳು ಬಿಲ್ಡ್ ಆಗದೆ (ಕೋಡ್‌ನಿಂದ ಪ್ರೋಗ್ರಾಂ ಕಟ್ಟಲಾಗದೆ) ನಿಂತವು. ಈ ಕಥೆಯ ಒಂದು ಭಾಗವನ್ನು ಮಾತ್ರ ಜನ ಅಷ್ಟಾಗಿ ಹೇಳುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಇನ್ನೊಬ್ಬರು ಅದೇ ಕೆಲಸ ಮಾಡುವ ಕೋಡ್ ಅನ್ನು ಅದೇ ಹೆಸರಲ್ಲಿ 1.0.0 ಎಂದು ಹಾಕಿದ್ದರು. ಆದರೂ ಬಿಲ್ಡ್‌ಗಳು ಬೀಳುತ್ತಲೇ ಇದ್ದವು. ಯಾಕೆಂದರೆ ನಡುವೆ ಇದ್ದ ಒಂದು ಸಣ್ಣ ಲೈಬ್ರರಿ ಕರಾರುವಾಕ್ಕಾಗಿ 0.0.3 ಅನ್ನೇ ಕೇಳುತ್ತಿತ್ತು. ಬೇಬಲ್‌ಗೆ ಲೆಫ್ಟ್-ಪ್ಯಾಡ್ ಬರುತ್ತಿದ್ದದ್ದು ಅದರ ಮೂಲಕ. ಕಡೆಗೆ ಎನ್‌ಪಿಎಂನವರೇ ಹಳೆಯ 0.0.3 ಅನ್ನು ವಾಪಸ್ ತಂದು ಇಡಬೇಕಾಯಿತು. ಪಿನ್ ಇದ್ದರೆ ಏನೂ ಮುರಿಯುವುದಿಲ್ಲ ಎನ್ನುವವರು ಈ ಭಾಗವನ್ನೂ ನೆನಪಿಟ್ಟುಕೊಳ್ಳಬೇಕು.

ನನ್ನ ತಕರಾರಿನ ತಿರುಳು ಇಷ್ಟು. ಮಿತಿ ಹಾಕುವುದು ಸುಲಭ, ನೀವು ಹಾಕಿದ ಮಿತಿಯನ್ನು ತೆಗೆಯುವುದು ನಮಗೆ ಕಷ್ಟ. ನೀವು >=2.4 (2.4 ಅಥವಾ ಅದಕ್ಕಿಂತ ಹೊಸದು) ಎಂದು ಬರೆದು, ಮುಂದೊಂದು ದಿನ 2.6ರಲ್ಲಿ ಏನೋ ಮುರಿದರೆ, ನಾನು ನನ್ನ ಕಡೆ ಒಂದು ಸಾಲು ಸೇರಿಸಿ 2.6 ಬೇಡ ಎನ್ನಬಹುದು. ಐದು ನಿಮಿಷದ ಕೆಲಸ. ನೀವು ==2.4.1 ಎಂದು ಬರೆದುಬಿಟ್ಟರೆ ನನ್ನ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಪಿಪ್‌ನ ಕನ್‌ಸ್ಟ್ರೇಂಟ್ಸ್ ಫೈಲ್ (ಬಳಸುವವರು ತಮ್ಮ ವರ್ಷನ್ ಮಿತಿ ಬರೆದಿಡುವ ಫೈಲ್) ಮಿತಿಯನ್ನು ಇನ್ನಷ್ಟು ಬಿಗಿ ಮಾಡುತ್ತದೆಯೇ ಹೊರತು ಸಡಿಲ ಮಾಡುವುದಿಲ್ಲ. ಎನ್‌ಪಿಎಂನಲ್ಲಿ ಓವರ್‌ರೈಡ್ಸ್, ಯಾರ್ನ್‌ನಲ್ಲಿ ರೆಸಲ್ಯೂಷನ್ಸ್ ಎಂಬ, ಲೈಬ್ರರಿಯ ಮಿತಿ ಮೀರಿ ನಮ್ಮ ವರ್ಷನ್ ಹಾಕುವ ದಾರಿಗಳಿವೆ, ನಿಜ. ಆದರೆ ಅವು ತುರ್ತಿಗೆಂದು ಇಟ್ಟ ದಾರಿಗಳು. ದಿನಾ ಅದರಲ್ಲೇ ಓಡಾಡಿ ಎಂದರೆ ಹೇಗೆ?

ಇನ್ನೊಂದು ತೊಂದರೆ, ನೀವು ಒಮ್ಮೆ ಪ್ರಕಟಿಸಿದ ರಿಲೀಸ್ ಬದಲಾಗುವುದಿಲ್ಲ. ಪೈಥಾನ್ ಪ್ಯಾಕೇಜ್‌ಗಳ ಭಂಡಾರವಾದ ಪೈಪಿಐಯಲ್ಲಿ ಅದರ ಮೆಟಾಡೇಟಾ ತಿದ್ದಲು ಬರುವುದಿಲ್ಲ. ಮಿತಿ ತಪ್ಪು ಎಂದು ನಾಳೆ ನಿಮಗೇ ಅನಿಸಿದರೂ, ಹೊಸ ರಿಲೀಸ್ ಮಾಡಿ ಅದರಲ್ಲಿ ಸರಿಪಡಿಸಬಹುದು ಅಷ್ಟೇ. ಹಳೆಯ ರಿಲೀಸ್ ಬಳಸುತ್ತಿರುವವರಿಗೆ ಆ ಬೀಗ ಕಾಯಂ.

ಇದಕ್ಕಿಂತ ವಿಚಿತ್ರವಾದದ್ದನ್ನೂ ನೋಡಿದ್ದೇವೆ. 2020ರ ನವೆಂಬರ್ ಕೊನೆಗೆ ಬಂದ ಪಿಪ್ 20.3ರಲ್ಲಿ ಹೊಸ ರಿಸಾಲ್ವರ್ (ಒಂದಕ್ಕೊಂದು ಹೊಂದುವ ವರ್ಷನ್‌ಗಳನ್ನು ಆರಿಸುವ ಭಾಗ) ಚಾಲ್ತಿಗೆ ಬಂತು. ಅದಕ್ಕೆ ಮುಂಚೆ ಪಿಪ್ ಹೊಂದದ ವರ್ಷನ್‌ಗಳನ್ನೂ ಹೇಗೋ ಹಾಕಿಬಿಡುತ್ತಿತ್ತು. ಈಗ ಹಾಗಲ್ಲ. ಹೊಂದಾಣಿಕೆ ಆಗದಿದ್ದರೆ ಒಂದೊಂದೇ ಹೆಜ್ಜೆ ಹಿಂದೆ ಹೋಗಿ ಹಳೆಯ ರಿಲೀಸ್‌ಗಳನ್ನು ಹುಡುಕುತ್ತದೆ. ಒಳ್ಳೆಯದೇ. ಆದರೆ ನಿಮ್ಮ ಹೊಸ ರಿಲೀಸ್‌ನಲ್ಲಿ ಬಿಗಿ ಮಿತಿ ಇದೆ, ಎರಡು ವರ್ಷ ಹಿಂದಿನದರಲ್ಲಿ ಮಿತಿ ಇಲ್ಲ ಎಂದಿಟ್ಟುಕೊಳ್ಳಿ. ರಿಸಾಲ್ವರ್ ಸದ್ದಿಲ್ಲದೆ ಆ ಹಳೆಯದನ್ನೇ ತಂದು ಹಾಕುತ್ತದೆ. ಬಿಲ್ಡ್ ಹಸಿರಾಗಿ ಮುಗಿಯುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ನೀವು ಎಂದೋ ಸರಿಮಾಡಿದ್ದ ಬಗ್ ಮತ್ತೆ ನಮ್ಮಲ್ಲಿ ಎದ್ದು ಬರುತ್ತದೆ. ಪೈಥಾನ್ ವರ್ಷನ್‌ಗೆ ಮೇಲ್ಮಿತಿ ಹಾಕುವವರಿಗೂ ಇದೇ ಗತಿ. ನಮ್ಮ ತಂಡ ಇಂಥದ್ದೊಂದರ ಹಿಂದೆ ಬಿದ್ದಾಗ ಮೊದಲು ಬೈದುಕೊಂಡದ್ದು ಆ ಲೈಬ್ರರಿಯನ್ನು. ಆಮೇಲೆ ನೋಡಿದರೆ ಅವರು ಆ ದೋಷವನ್ನು ಯಾವತ್ತೋ ತೆಗೆದಿದ್ದರು! ಅವರದೇ ಮಿತಿ ಅವರ ಒಳ್ಳೆಯ ಕೆಲಸ ನಮ್ಮನ್ನು ಮುಟ್ಟದಂತೆ ಮಾಡಿತ್ತು.

ಪೈಥಾನ್‌ನ ಸಮಸ್ಯೆ ಇದು, ನಮಗೇನು ಎಂದು ಜಾವಾಸ್ಕ್ರಿಪ್ಟ್‌ನವರು ಕೇಳಬಹುದು. ಎನ್‌ಪಿಎಂ ಒಂದೇ ಲೈಬ್ರರಿಯ ಬೇರೆ ಬೇರೆ ವರ್ಷನ್‌ಗಳನ್ನು ಅಕ್ಕಪಕ್ಕ ಇಡಬಲ್ಲದು, ಹಾಗಾಗಿ ಜಗಳ ಕಮ್ಮಿ. ಆದರೆ ಒಂದೇ ಕೋಡ್‌ನ ನಾಲ್ಕು ಪ್ರತಿ ಬಳಕೆದಾರರ ಬ್ರೌಸರ್‌ಗೆ ಇಳಿಯುತ್ತದೆ. ವೆಬ್ ಪುಟ ಕಟ್ಟುವ ಲೈಬ್ರರಿಯಾದ ರಿಯಾಕ್ಟ್‌ನ ಎರಡು ಪ್ರತಿ ಒಂದೇ ಅಪ್ಲಿಕೇಶನ್‌ನಲ್ಲಿ ಸೇರಿಕೊಂಡರೆ ಅದರ ಹುಕ್ಸ್ ಎಂಬ ಫಂಕ್ಷನ್‌ಗಳು ಕೈಕೊಡುತ್ತವೆ. ಆ ಎರರ್ ಕಂಡವರಿಗೆ ನಾನು ಹೇಳುವುದೇನು ಎಂದು ಗೊತ್ತು. ರಸ್ಟ್ ಭಾಷೆಯ ಪ್ಯಾಕೇಜ್ ಟೂಲ್ ಆದ ಕಾರ್ಗೋ 1 ಮತ್ತು 2 ಎಂಬ ಎರಡು ದೊಡ್ಡ ವರ್ಷನ್‌ಗಳನ್ನು ಒಟ್ಟಿಗೆ ಇಡುತ್ತದೆ. ಆದರೆ ಒಂದು ಲೈಬ್ರರಿ =1.2.3 ಎಂದು, ಇನ್ನೊಂದು =1.2.4 ಎಂದು ಹಠ ಹಿಡಿದರೆ ಅಲ್ಲೂ ಬಿಲ್ಡ್ ನಿಲ್ಲುತ್ತದೆ.

ಹಾಗಾದರೆ ವರ್ಷನ್ ಲಾಕ್ ಮಾಡುವುದೇ ಬೇಡವೇ? ಖಂಡಿತ ಬೇಕು. ನಮ್ಮ ಅಪ್ಲಿಕೇಶನ್‌ನಲ್ಲಿ ಎಲ್ಲವೂ ಲಾಕ್ ಆಗಿದೆ, ಕೊನೆಯ ಅಂಕಿಯವರೆಗೆ, ಹ್ಯಾಶ್ (ಫೈಲ್ ಬದಲಾಗಿಲ್ಲ ಎಂದು ಖಚಿತಪಡಿಸುವ ಗುರುತು) ಸಮೇತ. ಯಾವುದರ ಯಾವ ವರ್ಷನ್ ಎಂದು ಪೂರ್ತಿ ಬರೆದಿಟ್ಟ ಲಾಕ್‌ಫೈಲ್ ಇಲ್ಲದೆ ನಾವು ಏನನ್ನೂ ಪ್ರೊಡಕ್ಷನ್‌ಗೆ (ಜನರ ಬಳಕೆಗೆ) ಬಿಡುವುದಿಲ್ಲ. ಆ ಲಾಕ್ ಹಾಕಬೇಕಾದವರು ಯಾರು ಎಂಬುದೇ ಪ್ರಶ್ನೆ. ಎಲ್ಲ ಲೈಬ್ರರಿಗಳನ್ನೂ ಒಟ್ಟಿಗೆ ಕಾಣುವುದು ಅಪ್ಲಿಕೇಶನ್‌ನವರಿಗೆ ಮಾತ್ರ. ನಿಮಗೆ ಕಾಣುವುದು ನಿಮ್ಮ ಲೈಬ್ರರಿ, ಅದರ ಕೆಳಗಿನ ಒಂದಿಷ್ಟು. ನಮ್ಮಲ್ಲಿ ನಿಮ್ಮ ಪಕ್ಕ ಬೇರೆ ಯಾರು ಕೂತಿದ್ದಾರೆ ಎಂಬುದು ನಿಮಗೆ ಗೊತ್ತಾಗುವ ದಾರಿಯೇ ಇಲ್ಲ.

ಟೂಲ್‌ಗಳನ್ನು ಕಟ್ಟಿದವರು ಇದನ್ನು ಮೊದಲೇ ಯೋಚಿಸಿದ್ದಾರೆ. ನೀವು ನಿಮ್ಮ ರೆಪೊದಲ್ಲಿ (ಕೋಡ್ ಇಡುವ ಜಾಗ) ಪ್ಯಾಕೇಜ್-ಲಾಕ್ ಫೈಲ್ ಇಟ್ಟಿದ್ದರೂ, ನಿಮ್ಮ ಪ್ಯಾಕೇಜ್ ಅನ್ನು ನಾನು ಡಿಪೆಂಡೆನ್ಸಿಯಾಗಿ ಹಾಕಿಕೊಂಡಾಗ ಎನ್‌ಪಿಎಂ ಅದನ್ನು ನೋಡುವುದೇ ಇಲ್ಲ. ಕಾರ್ಗೋ ಕೂಡ ಹಾಗೆಯೇ, ಡಿಪೆಂಡೆನ್ಸಿಗಳ ಲಾಕ್‌ಫೈಲ್ ಅದಕ್ಕೆ ಲೆಕ್ಕಕ್ಕಿಲ್ಲ. ಗೋ ಭಾಷೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. 2018ರಲ್ಲಿ ಗೋ 1.11ರ ಜೊತೆ ಬಂದ ಮಾಡ್ಯೂಲ್ ವ್ಯವಸ್ಥೆಯಲ್ಲಿ ಪ್ರತಿ ಲೈಬ್ರರಿಯೂ ತನಗೆ ಕನಿಷ್ಠ ಯಾವ ವರ್ಷನ್ ಬೇಕು ಎಂದಷ್ಟೇ ಹೇಳುತ್ತದೆ. ಮೇಲ್ಮಿತಿ ಬರೆಯುವ ಜಾಗವೇ ಇಲ್ಲ. ಒಂದು ವರ್ಷನ್ ಬೇಡ ಎನ್ನುವ, ಇನ್ನೊಂದನ್ನು ಬದಲಿಗೆ ಹಾಕುವ ಸಾಲುಗಳಿವೆ. ಆದರೆ ಅವು ನಡೆಯುವುದು ಮುಖ್ಯ ಮಾಡ್ಯೂಲ್‌ನಲ್ಲಿ ಮಾತ್ರ, ಅಂದರೆ ಅಪ್ಲಿಕೇಶನ್ ಕಟ್ಟುವವರ ಫೈಲ್‌ನಲ್ಲಿ. ಬೇರೆ ಬೇರೆ ಜನ, ಬೇರೆ ಬೇರೆ ಭಾಷೆ, ಆದರೂ ಗೆರೆ ಎಳೆದದ್ದು ಒಂದೇ ಕಡೆ. ಲಾಕ್‌ಫೈಲ್ ದಾಟದ ಆ ಗೆರೆಯನ್ನು ನಿಮ್ಮ ಎರಡು ಸಮ ಚಿಹ್ನೆಗಳು ದಾಟಿ ಬರುತ್ತಿವೆ.

ಭದ್ರತೆಯ ಮಾತು ಎತ್ತುವವರಿದ್ದಾರೆ. 2018ರಲ್ಲಿ ಇವೆಂಟ್-ಸ್ಟ್ರೀಮ್ ಎಂಬ ಪ್ಯಾಕೇಜ್‌ಗೆ ಫ್ಲಾಟ್‌ಮ್ಯಾಪ್-ಸ್ಟ್ರೀಮ್ ಎಂಬ ಹೊಸ ಡಿಪೆಂಡೆನ್ಸಿ ಸೇರಿಸಿ, ಅದರ ಮೂಲಕ ಬಿಟ್‌ಕಾಯಿನ್ ವಾಲೆಟ್ ಒಂದಕ್ಕೆ ಕನ್ನ ಹಾಕಲು ನೋಡಿದ್ದರು. 2022ರ ಜನವರಿಯಲ್ಲಿ ಕಲರ್ಸ್ ಎಂಬ ಲೈಬ್ರರಿಯ ನಿರ್ವಾಹಕರೇ ಬೇಕೆಂದೇ ಅದಕ್ಕೆ ಮುಗಿಯದ ಲೂಪ್ ಸೇರಿಸಿದರು. ಹೊಸದನ್ನು ಕಣ್ಣು ಮುಚ್ಚಿ ಇಳಿಸಿಕೊಳ್ಳುವುದು ಅಪಾಯ, ಅದನ್ನು ಒಪ್ಪುತ್ತೇನೆ. ಆದರೆ ಅದಕ್ಕೆ ಮದ್ದು ಡಿಪೆಂಡೆನ್ಸಿಗಳ, ಅವುಗಳ ಕೆಳಗಿನವುಗಳ ಪೂರ್ತಿ ಮರವನ್ನು ಹಿಡಿದಿಡುವ ಲಾಕ್‌ಫೈಲ್. ನೀವು ಪಿನ್ ಮಾಡುವುದು ನಿಮ್ಮ ನೇರ ಡಿಪೆಂಡೆನ್ಸಿಗಳನ್ನು ಮಾತ್ರ. ಅವುಗಳ ಕೆಳಗಿನವು ತೇಲಾಡುತ್ತಲೇ ಇರುತ್ತವೆ.

2022ರ ಫೆಬ್ರವರಿಯಲ್ಲಿ ಆದದ್ದು ಇದೇ. ಎಷ್ಟೋ ಜನ ಪೈಥಾನ್‌ನ ಟೆಂಪ್ಲೇಟ್ ಲೈಬ್ರರಿಯಾದ ಜಿಂಜಾ2ರ ಹಳೆಯ ವರ್ಷನ್ ಪಿನ್ ಮಾಡಿಕೊಂಡು ನಿಶ್ಚಿಂತೆಯಿಂದ ಇದ್ದರು. ಅದರ ಕೆಳಗೆ ಇದ್ದ ಮಾರ್ಕಪ್‌ಸೇಫ್ 2.1.0 ಬಂತು, ಹಳೆಯ ಒಂದು ಫಂಕ್ಷನ್ ತೆಗೆದುಹಾಕಿತು. ಜಿಂಜಾ ಇಂಪೋರ್ಟ್ ಆಗುವಾಗಲೇ ಬಿತ್ತು. ಪೂರ್ತಿ ಲಾಕ್ ಇದ್ದವರಿಗೆ ಏನೂ ಆಗಲಿಲ್ಲ. ಅರ್ಧ ಪಿನ್ ಮಾಡಿದವರಿಗೆ ಪಿನ್ನಿನ ಕಷ್ಟವೂ ಬಂತು, ಪಿನ್ ಇಲ್ಲದ ಕಷ್ಟವೂ ಬಂತು.

ಭದ್ರತೆಯ ಇನ್ನೊಂದು ಮುಖ 2021ರ ಡಿಸೆಂಬರ್‌ನಲ್ಲಿ ಕಂಡಿತು. ಜಾವಾದಲ್ಲಿ ಲಾಗ್ ಬರೆಯುವ ಲೈಬ್ರರಿಯಾದ ಲಾಗ್4ಜೆಯ ದೋಷ, ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2021-44228. ಆ ಒಂದೇ ತಿಂಗಳಲ್ಲಿ 2.15.0, 2.16.0, 2.17.0, 2.17.1 ಎಂದು ಒಂದರ ಹಿಂದೆ ಒಂದು ರಿಲೀಸ್ ಬಂದವು. ಜಾವಾದ ಬಿಲ್ಡ್ ಟೂಲ್ ಆದ ಮೇವನ್‌ನಲ್ಲಿ ಲೈಬ್ರರಿಯವರು ಬರೆಯುವ ಮಾಮೂಲಿ ನಂಬರ್ ಬರೀ ಶಿಫಾರಸು. ಅಪ್ಲಿಕೇಶನ್‌ನವರು ತಮ್ಮ ಫೈಲ್‌ನಲ್ಲಿ ಬೇರೆ ನಂಬರ್ ಬರೆದರೆ ಅದೇ ನಡೆಯುತ್ತದೆ. ಹಾಗಾಗಿ ಎಷ್ಟೋ ತಂಡಗಳು ಯಾರಿಗೂ ಕಾಯದೆ ಪ್ಯಾಚ್ ಹಾಕಿಕೊಂಡವು. ಲಾಗ್4ಜೆಯನ್ನು ತಮ್ಮ ಜಾರ್ (ಜಾವಾ ಪ್ಯಾಕೇಜ್ ಫೈಲ್) ಒಳಗೇ ತುಂಬಿಸಿ ಕೊಟ್ಟಿದ್ದ ಲೈಬ್ರರಿಗಳ ಬಳಕೆದಾರರು ಮಾತ್ರ ಆ ಲೈಬ್ರರಿಯವರು ರಿಲೀಸ್ ಮಾಡುವವರೆಗೆ ಕಾಯುತ್ತಾ ಕೂರಬೇಕಾಯಿತು. ಬಿಗಿ ಪಿನ್ ಕೂಡ ಇದೇ ಜಾತಿಯದು. ನಿಮ್ಮ ಕೆಳಗೆ ಯಾರೇ ದೋಷ ಸರಿಮಾಡಲಿ, ಅದು ನಮಗೆ ತಲುಪಲು ನೀವೂ ಒಂದು ರಿಲೀಸ್ ಮಾಡಬೇಕು. ಆ ಡಿಸೆಂಬರ್‌ನಂಥ ತಿಂಗಳು ಬಂದರೆ ನಾಲ್ಕು ಸಲ. ಬಿಡುವಿನ ವೇಳೆಯಲ್ಲಿ ಕೆಲಸ ಮಾಡುವ ನೀವು ಈ ಹೊರೆ ಯಾಕೆ ಮೈಮೇಲೆ ಎಳೆದುಕೊಳ್ಳಬೇಕು ಹೇಳಿ?

ಮೇಲ್ಮಿತಿ ಸರಿಯಾಗಿರುವ ಸಂದರ್ಭಗಳೂ ಇವೆ, ಇಲ್ಲ ಎನ್ನುವುದಿಲ್ಲ. 2024ರ ಜೂನ್‌ನಲ್ಲಿ ಲೆಕ್ಕಾಚಾರದ ಪೈಥಾನ್ ಲೈಬ್ರರಿಯಾದ ನಮ್‌ಪೈ 2.0 ಬಂದಾಗ, 1.x ಜೊತೆ ಕಂಪೈಲ್ ಆಗಿದ್ದ ಪ್ಯಾಕೇಜ್‌ಗಳು ಅದರ ಜೊತೆ ಓಡುವುದಿಲ್ಲ ಎಂಬುದು ಮೊದಲೇ ಗೊತ್ತಿತ್ತು. ಅಂಥ ಕಡೆ <2 (2ಕ್ಕಿಂತ ಹಳೆಯದು) ಎಂದು ಬರೆದದ್ದು ಜವಾಬ್ದಾರಿಯ ಕೆಲಸ. ಬಿಲ್ಡ್ ಮಾಡುವಾಗ ಬೇಕಾದ ಟೂಲ್‌ಗಳ ಲೆಕ್ಕವೂ ಬೇರೆ. 2023ರ ಜುಲೈನಲ್ಲಿ ಅಂಥ ಟೂಲ್ ಆದ ಸೈಥಾನ್ 3 ಬಂದಾಗ ಮಿತಿ ಇಲ್ಲದ ಪೈಯಾಮಲ್ ಎಂಬ ಲೈಬ್ರರಿ ಮೂಲ ಕೋಡ್‌ನಿಂದ ಬಿಲ್ಡ್ ಆಗದೆ ಬಿತ್ತು, 6.0.1ರಲ್ಲಿ ಮಿತಿ ಹಾಕಿ ಸರಿಮಾಡಿದರು. ಒಂದೇ ತಂಡ ಎರಡು ಪ್ಯಾಕೇಜ್‌ಗಳನ್ನು ಜೋಡಿಯಾಗಿ ಬಿಡುತ್ತಿದ್ದರೆ == ಹಾಕಿದರೂ ತಪ್ಪಿಲ್ಲ, ಪೈಡಾಂಟಿಕ್ ಮತ್ತು ಪೈಡಾಂಟಿಕ್-ಕೋರ್ ಹಾಗಿವೆ. ಇವೆಲ್ಲ ಗೊತ್ತಿರುವ ಕಾರಣಕ್ಕೆ ಹಾಕಿದ ಮಿತಿಗಳು. ಮುಂದೆ ಏನೋ ಆಗಬಹುದು ಎಂಬ ಭಯಕ್ಕೆ ಸುಮ್ನೆ ಹಾಕುವ ಮಿತಿಯ ಬಗ್ಗೆ ನನ್ನ ದೂರು. ಇನ್ನೂ ಹುಟ್ಟದ ವರ್ಷನ್ ಜೊತೆ ನಿಮ್ಮ ಕೋಡ್ ಓಡುವುದಿಲ್ಲ ಎಂದು ಇವತ್ತೇ ಹೇಳುವುದು ಹೇಗೆ? ಸೆಮ್ಯಾಂಟಿಕ್ ವರ್ಷನಿಂಗ್ (ಬದಲಾವಣೆಯ ಬಗೆ ನೋಡಿ ಅಂಕಿ ಏರಿಸುವ ಪದ್ಧತಿ) ಪ್ರಕಾರ ಮೊದಲ ಅಂಕಿ ಏರಿದರೆ ಏನೋ ಮುರಿದಿದೆ ಎಂದರ್ಥ. ಆದರೆ ಮುರಿದದ್ದು ನೀವು ಬಳಸುವ ಭಾಗವೇ ಆಗಿರಬೇಕು ಎಂದೇನಿಲ್ಲ ಅಲ್ವಾ?

ಹಾಗಾಗಿ ನನ್ನ ಕೋರಿಕೆಗಳು. ಡಿಪೆಂಡೆನ್ಸಿಗೆ ಕೆಳಮಿತಿ ಬರೆಯಿರಿ, ಆದರೆ ನಿಜವಾಗಿ ಟೆಸ್ಟ್ ಮಾಡಿ ಬರೆಯಿರಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅವತ್ತು ಯಾವುದಿತ್ತೋ ಅದನ್ನೇ ಕನಿಷ್ಠ ಎಂದು ಬರೆಯಬೇಡಿ. ಯುವಿಯಂಥ ಪೈಥಾನ್ ಪ್ಯಾಕೇಜ್ ಟೂಲ್‌ಗಳಲ್ಲಿ ಅತಿ ಕಡಿಮೆ ವರ್ಷನ್‌ಗಳನ್ನೇ ಆರಿಸಿ ಟೆಸ್ಟ್ ಓಡಿಸುವ ಸೌಲಭ್ಯ ಈಗ ಇದೆ. ತಾನಾಗಿಯೇ ಟೆಸ್ಟ್ ಓಡಿಸುವ ಒಂದು ಜಾಬ್ ಅದಕ್ಕಿರಲಿ. ಇನ್ನೊಂದು ಜಾಬ್ ವಾರಕ್ಕೊಮ್ಮೆ ಎಲ್ಲದರ ಹೊಸ ವರ್ಷನ್ ಜೊತೆ ಓಡಲಿ. ಏನಾದರೂ ಮುರಿದರೆ ನಮ್ಮ ದೂರು ಬರುವ ಮುಂಚೆ ನಿಮಗೇ ಗೊತ್ತಾಗುತ್ತದೆ. ಒಂದು ನಿರ್ದಿಷ್ಟ ರಿಲೀಸ್ ಕೆಟ್ಟಿದ್ದರೆ != ಬಳಸಿ ಅದೊಂದನ್ನು ಹೊರಗಿಡಿ, ಮಿಕ್ಕವನ್ನು ಬಿಡಿ. ಡೆವಲಪರ್‌ಗಳ ಅನುಕೂಲಕ್ಕೆ ರೆಪೊದಲ್ಲಿ ಲಾಕ್‌ಫೈಲ್ ಬೇಕಿದ್ದರೆ ಧಾರಾಳವಾಗಿ ಇಟ್ಟುಕೊಳ್ಳಿ, ಅದರಿಂದ ನಮಗೆ ತೊಂದರೆ ಇಲ್ಲ.

ಮೇಲ್ಮಿತಿ ಹಾಕಲೇಬೇಕಾದರೆ ಪಕ್ಕದಲ್ಲಿ ಒಂದು ಸಾಲಿನ ಕಾಮೆಂಟ್ ಬರೆಯಿರಿ. ಯಾಕೆ ಹಾಕಿದ್ದು, ಯಾವ ದೋಷ ಸರಿಯಾದರೆ ತೆಗೆಯಬಹುದು ಎಂದು. ಕಾರಣ ಬರೆಯದ ಮಿತಿಯನ್ನು ಮುಂದೆ ಬರುವ ನಿರ್ವಾಹಕರು ಮುಟ್ಟಲು ಹೆದರುತ್ತಾರೆ. ನಾನು ನೋಡಿದ ಎಷ್ಟೋ ಮಿತಿಗಳ ಮೂಲ ಕಾರಣ ಹೋಗಿ ವರ್ಷಗಳಾಗಿದ್ದವು. ಮಿತಿ ಸಡಿಲಿಸಿ ಎಂದು ಯಾರಾದರೂ ಒಂದು ಸಾಲಿನ ಬದಲಾವಣೆ ಕಳಿಸಿದರೆ, ಟೆಸ್ಟ್ ಪಾಸ್ ಆದರೆ, ದೊಡ್ಡ ರಿಲೀಸ್‌ಗೆ ಕಾಯದೆ ಒಂದು ಪ್ಯಾಚ್ ರಿಲೀಸ್ ಬಿಡಿ. ದೊಡ್ಡ ರಿಲೀಸ್ ತಡವಾದರೂ ನಾವು ತಕರಾರು ಮಾಡುವುದಿಲ್ಲ.

ಪ್ಯಾಕೇಜ್ ಟೂಲ್‌ಗಳನ್ನು ಕಟ್ಟುವವರಿಗೂ ಒಂದು ಮಾತು. ಪೊಯೆಟ್ರಿ ಎಂಬ ಪೈಥಾನ್ ಟೂಲ್‌ನಲ್ಲಿ ವರ್ಷನ್ ಹೇಳದೆ ಒಂದು ಡಿಪೆಂಡೆನ್ಸಿ ಸೇರಿಸಿದರೆ ಅದು ತಾನಾಗಿಯೇ ಮೇಲ್ಮಿತಿ ಹಾಕುತ್ತದೆ. ಯುವಿ ಕೆಳಮಿತಿ ಮಾತ್ರ ಬರೆಯುತ್ತದೆ. ಹೊಸದಾಗಿ ಲೈಬ್ರರಿ ಬರೆಯುವವರು ಟೂಲ್ ಬರೆದುಕೊಟ್ಟದ್ದನ್ನು ಹಾಗೇ ಬಿಡುತ್ತಾರೆ. ಪ್ರಾಜೆಕ್ಟ್ ಶುರು ಮಾಡುವಾಗ ಇದು ಲೈಬ್ರರಿಯೋ ಅಪ್ಲಿಕೇಶನ್ನೋ ಎಂದು ಕೇಳಿ, ಲೈಬ್ರರಿ ಎಂದರೆ ಮೇಲ್ಮಿತಿ ಹಾಕದೆ ಬಿಡಿ. ಹಾಗೆಯೇ, ಪ್ರಕಟಿಸುವ ಮುಂಚೆ ಮೆಟಾಡೇಟಾದಲ್ಲಿ == ಕಂಡರೆ ಒಂದು ಎಚ್ಚರಿಕೆ ತೋರಿಸಿ.

ನಮ್ಮ ಕಡೆಯಿಂದ ಏನು ಎಂದು ನೀವು ಕೇಳಬಹುದು. ಲಾಕ್‌ಫೈಲ್ ಇಡುವುದು ನಮ್ಮ ಕೆಲಸ, ಅದನ್ನು ಮಾಡುತ್ತೇವೆ. ನಿಮ್ಮ ಕೆಳಗಿನ ಯಾವುದೋ ಲೈಬ್ರರಿ ಮುರಿದಾಗ ನಿಮ್ಮನ್ನು ಬಯ್ಯುವ ಮುಂಚೆ ಯಾವ ವರ್ಷನ್‌ನಿಂದ ಮುರಿಯಿತು ಎಂದು ಹುಡುಕಿ, ಅಷ್ಟನ್ನು ಬರೆದೇ ದೂರು ಹಾಕುತ್ತೇವೆ. ನಾನು ಮೇಲೆ ಹೇಳಿದ ಆ ಫೋರ್ಕ್‌ನ ಒಂದು ಸಾಲಿನ ಬದಲಾವಣೆ, ಟೆಸ್ಟ್ ಫಲಿತಾಂಶದ ಸಮೇತ, ಮೂಲ ಲೈಬ್ರರಿಗೆ ಕಳಿಸಿ ಆಗಿದೆ. ದಯವಿಟ್ಟು ನೋಡಿ.

ಇಂತಿ,
ನಿಮ್ಮ ಲೈಬ್ರರಿಗಳನ್ನು ದಿನಾ ಬಳಸುವ ಒಂದು ಅಪ್ಲಿಕೇಶನ್ ತಂಡದಿಂದ